ದೇವಿ ಎತ್ತಿದ ಪೆಟ್ಟಿಗೆ

ಮುರ್ಡೇಶ್ವರದ ಮೀನು ಮಾರುವ ದೇವಿ ಮಾತಿಗೆ ತಪ್ಪಿದ್ದನ್ನು ಕಂಡವರಿಲ್ಲ. ಹಾಗೆ ನೋಡಿದರೆ ಅವಳು ಮಾತಾಡಿದ್ದನ್ನು ಕಂಡವರೂ ಕಡಿಮೆಯೇ. ಭಟ್ಕಳ ಬಂದರಿನ ಬೆಳಗಿನ ಲಿಲಾವಿನಲ್ಲಿ ಉಳಿದ ಹೆಂಗಸರು ಕೂಗಾಡಿ, ಆಣೆ ಹಾಕಿ, ಬೋಟಿನವನ ಏಳು ತಲೆಮಾರನ್ನು ಜಾಲಾಡಿ ದರ ಇಳಿಸುವ ಹೊತ್ತಿಗೆ ಇವಳು ಸೆರಗು ಬಿಗಿದುಕೊಂಡು ಮೀನಿನ ರಾಶಿಯ ಮುಂದೆ ಸುಮ್ಮನೆ ನಿಂತಿರುತ್ತಾಳೆ. ಕೂಗುವವನ ದರ ತನಗೆ ಹಿಡಿಸಿತೋ, ಬಗ್ಗಿ ರಾಶಿಯಿಂದ ಒಂದು ಮೀನು ಎತ್ತಿ ತನ್ನ ಬುಟ್ಟಿಗೆ ಹಾಕುತ್ತಾಳೆ. ಅಲ್ಲಿಗೆ ಮುಗಿಯಿತು. ರಾಶಿ ಅವಳದು.

ಇದು ಅವಳೊಬ್ಬಳ ಪದ್ಧತಿಯಲ್ಲ. ಅವಳ ತಾಯಿ ಗಂಗಿಯ ಕಾಲದಿಂದ, ಅದಕ್ಕೂ ಹಿಂದಿನಿಂದ ಬಂದದ್ದು. ಮೀನು ಎತ್ತಿ ಬುಟ್ಟಿಗೆ ಹಾಕಿದ ಮೇಲೆ ದರ ಬಿದ್ದರೂ, ಮಳೆ ಸುರಿದರೂ, ರಾಶಿಯ ಅಡಿಯಲ್ಲಿ ಕೊಳೆತ ಮಾಲೇ ತುಂಬಿದ್ದರೂ ಅದು ಎತ್ತಿದವಳ ಹಣೆಬರಹ. ಕಾಗದ ಬೇಡ, ಸಾಕ್ಷಿ ಬೇಡ. ದೇವಿ ಹೊಸದಾಗಿ ಬುಟ್ಟಿ ಹಿಡಿದ ವರ್ಷ ಮೇಲೆ ಫಳಫಳ ಹೊಳೆಯುವ ಬಂಗಡೆ ಕಂಡು ಆಸೆಪಟ್ಟು ಎತ್ತಿದಳು. ಕೆಳಗೆ ಕೈ ಹಾಕಿದರೆ ಹಳಸಿದ ಮಾಲು. ಅತ್ತುಕೊಂಡು ತಾಯಿಯ ಹತ್ತಿರ ಹೋದರೆ ಗಂಗಿ ಮಗಳ ಕಣ್ಣೊರೆಸುವ ಬದಲು ಬುಟ್ಟಿ ಹೊರಲು ಹೇಳಿದಳು. ಇಡೀ ರಾಶಿ ಮನೆಗೆ ಬಂದು ತೆಂಗಿನ ಬುಡ ಸೇರಿತು. ಆ ವರ್ಷ ಕಾಯಿ ಏನು ಚೆನ್ನಾಗಿ ಬಂದಿತ್ತು ಎಂದು ಗಂಗಿ ಸಾಯುವವರೆಗೂ ಹೇಳಿಕೊಂಡು ನಗುತ್ತಿದ್ದಳು. ದೇವಿಗೆ ಅದರಲ್ಲಿ ನಗುವಂಥದ್ದೇನೂ ಕಾಣಲಿಲ್ಲ.

ತಪ್ಪಿಸಿಕೊಳ್ಳಲು ಒಂದು ದಾರಿ ಇಲ್ಲದಿಲ್ಲ. ರಾಶಿಯ ಯಜಮಾನನ ಮುಂದೆ, ನಾಲ್ಕು ಜನ ಕೇಳುವ ಹಾಗೆ "ನನ್ನ ಕೈ ತಪ್ತು" ಎಂದು ಹೇಳಿ ಮೀನನ್ನು ವಾಪಸು ಇಡಬೇಕು. ಇಟ್ಟವಳು ಆ ಹಂಗಾಮು ಮುಗಿಯುವ ತನಕ ಲಿಲಾವಿಗೆ ಕೈ ಹಾಕುವಂತಿಲ್ಲ. ಹಾಗೆ ಕೈ ತಪ್ಪಿದ ಲಕ್ಕಿ ಎಂಬವಳು ನಾಚಿಕೆಗೆ ಮೀನಿನ ಕಸುಬನ್ನೇ ಬಿಟ್ಟು ಬಳೆ ಮಾರಲು ಹೋದಳು. ಬಳೆಯಲ್ಲಿ ಅವಳಿಗೆ ಮೀನಿಗಿಂತ ಹೆಚ್ಚು ಲಾಭವಾಯಿತು, ಅದು ಬೇರೆ ಮಾತು. ಬಂದರಿನವರು ಇವತ್ತಿಗೂ ಅವಳನ್ನು ಕರೆಯುವುದು ಕೈತಪ್ಪಿದ ಲಕ್ಕಿ ಎಂದೇ.

ಇಂಥ ದೇವಿ ಫೈಬರ್ ಕೇಬಲ್ಲಿನ ಸಾಮಾನು ಮಾಡುವ ಕಂಪನಿಯ ಸಹವಾಸಕ್ಕೆ ಬಿದ್ದದ್ದು ಹೇಗೆ ಎಂದು ಕೇಳಿದರೆ, ಅದಕ್ಕೆ ಕಾರಣ ಉಪ್ಪುಗಾಳಿ. ಮುರ್ಡೇಶ್ವರದ ಕಡಲಬದಿಯಲ್ಲಿ ಅವಳದೊಂದು ಐಸಿನ ಶೆಡ್ಡು ಇದೆ. ಬಂದರಿನಿಂದ ತಂದ ಮಾಲನ್ನು ಅಲ್ಲಿ ಐಸಿನಲ್ಲಿಟ್ಟು, ಗೋವೆಯಲ್ಲಿ ಎಷ್ಟು, ಮಲ್ಪೆಯಲ್ಲಿ ಎಷ್ಟು ಎಂದು ಮೊಬೈಲಿನಲ್ಲಿ ದರ ನೋಡಿ, ಎತ್ತ ಲಾಭವೋ ಅತ್ತ ಕಳಿಸುತ್ತಾಳೆ. ಈ ದರವೆಲ್ಲ ಬರುವುದು ಶೆಡ್ಡಿನ ಎದುರಿನ ಕಂಬದ ಮೇಲಿನ ಕೇಬಲ್ಲಿನಿಂದ. ಕಂಬದ ಮೇಲೆ ಕೇಬಲ್ಲಿನ ಎರಡು ತುದಿಗಳನ್ನು ಕೂಡಿಸಿ ಮುಚ್ಚಿಟ್ಟ ಒಂದು ಪೆಟ್ಟಿಗೆ ಇರುತ್ತದೆ. ಕಡಲಿನ ಗಾಳಿಗೆ ಆ ಪೆಟ್ಟಿಗೆಯ ಮೊಳೆಗಳು ತುಕ್ಕು ಹಿಡಿದು, ಬಾಯಿ ಬಿಟ್ಟು, ಒಳಗೆ ತೇವ ಹೊಕ್ಕು, ವಾರಕ್ಕೊಮ್ಮೆ ಇಂಟರ್ನೆಟ್ಟು ಸತ್ತು ಮಲಗುತ್ತಿತ್ತು. ಒಮ್ಮೆ ಗೋವೆಯಲ್ಲಿ ನೊಗಲಿ ಮೀನಿಗೆ ಬಂಗಾರದ ದರ ಬಂದ ಸುದ್ದಿ, ಅವಳು ನೊಗಲಿಯನ್ನೆಲ್ಲ ಮಂಕಿಯ ಸಂತೆಯಲ್ಲಿ ಚಿಲ್ಲರೆಗೆ ಮಾರಿ ಮನೆಗೆ ಬಂದ ಮೇಲೆ ತಲುಪಿತು. ಅವತ್ತು ದೇವಿ ಕಂಬದ ಕೆಳಗೆ ನಿಂತು ಪೆಟ್ಟಿಗೆಗೆ ಬೈದಳು. ಮಾತು ಕಡಿಮೆಯಾದವರು ಬೈದರೆ ಕೇಳುವಂತಿರುತ್ತದೆ. ಅಕ್ಕಪಕ್ಕದವರು ಕೆಲಸ ಬಿಟ್ಟು ಬಂದು ಕೇಳಿದರು.

ಕೇಳಿದವರಲ್ಲಿ ಅರ್ಚಿತಾಳೂ ಇದ್ದಳು. ಕುಮಟಾದ ಹುಡುಗಿ. ಬೆಳಗಾವಿಯಲ್ಲಿ ಇಂಜಿನಿಯರಿಂಗ್ ಓದಿ, ಹೆದ್ದಾರಿಯ ಬದಿಗೆ ಕೇಬಲ್ ಹೂಳಿಸುವ ಗುತ್ತಿಗೆದಾರರ ಹತ್ತಿರ ಬಿಸಿಲಿನಲ್ಲಿ ನಿಂತು ಕೆಲಸ ಮಾಡಿ, ಈ ತುಕ್ಕು ಹಿಡಿದ ಪೆಟ್ಟಿಗೆಗಳ ಪಾಡು ನೋಡಿ ನೋಡಿ ಸಾಕಾಗಿ, ಕುಮಟಾದಲ್ಲಿ ಮುಚ್ಚಿಹೋಗಿದ್ದ ಒಂದು ಗೋಡಂಬಿ ಕಾರ್ಖಾನೆಯನ್ನು ಬಾಡಿಗೆಗೆ ಹಿಡಿದು ತಾನೇ ಪೆಟ್ಟಿಗೆ ಮಾಡಲು ಕೂತಿದ್ದಳು. ಕಂಪನಿಯ ಹೆಸರು ಇಂಗ್ಲಿಷಿನಲ್ಲಿ ಉದ್ದಕ್ಕಿದೆ. ಊರವರು ಪೆಟ್ಟಿಗೆ ಕಂಪನಿ ಅನ್ನುತ್ತಾರೆ. ಕಡಲಿಗೆ ತೀರ ಹತ್ತಿರದ ಕಂಬದ ಮೇಲೆ ತನ್ನ ಪೆಟ್ಟಿಗೆ ಇಟ್ಟು ನೋಡಬೇಕು ಎಂದು ಅವಳು ಜಾಗ ಹುಡುಕುತ್ತ ಅವತ್ತು ಅಲ್ಲಿಗೆ ಬಂದವಳು. ದೇವಿಯ ಶೆಡ್ಡಿನ ಎದುರಿನ ಕಂಬವೇ ಆಗಬಹುದು ಎಂದಳು. ಕೇಬಲ್ಲಿನವರು ಒಪ್ಪಿದರು, ದೇವಿ ಏಣಿ ಕೊಟ್ಟಳು.

ಹೊಸ ಪೆಟ್ಟಿಗೆ ಒಂದು ಮಳೆಗಾಲ ಕಳೆಯಿತು, ಒಂದು ಬೇಸಿಗೆಯನ್ನೂ ಕಳೆಯಿತು. ನೆಟ್ಟು ಒಂದು ದಿನವೂ ಹೋಗಲಿಲ್ಲ. ದೇವಿ ಬಾಯಿಬಿಟ್ಟು ಹೊಗಳಲಿಲ್ಲ. ಅರ್ಚಿತಾ ಬಂದಾಗ ಒಳ್ಳೆಯ ಬಂಗಡೆ ಆರಿಸಿ ಕಟ್ಟಿ ಕೈಗಿಟ್ಟಳು. ಆ ಹುಡುಗಿ ಮೀನು ತಿನ್ನದ ಮನೆಯವಳು ಎಂದು ದೇವಿಗೆ ಗೊತ್ತಾದದ್ದು ಬಹಳ ಆಮೇಲೆ. ಅರ್ಚಿತಾ ಬೇಡ ಅನ್ನದೆ ತೆಗೆದುಕೊಂಡು ಹೋಗಿ ತನ್ನ ಕೆಲಸದವರಿಗೆ ಕೊಡುತ್ತಿದ್ದಳಂತೆ.

ಅದೇ ಬೇಸಿಗೆಯಲ್ಲಿ ದೇವಿಯ ತಮ್ಮ ಭಾಸ್ಕರನ ಬೋಟು ಎರಡು ಸಲ ನಡುಗಡಲಲ್ಲಿ ಕೆಟ್ಟು ನಿಂತಿತು. ಇಂಜಿನ್ ಹಳತು. ಎರಡನೆಯ ಸಲ ಗಾಳಿ ಜೋರಿತ್ತು; ಬೇರೆ ಬೋಟಿನವರು ಹಗ್ಗ ಕಟ್ಟಿ ಎಳೆದು ತರುವವರೆಗೆ ಭಾಸ್ಕರನ ಹೆಂಡತಿ ಸುಷ್ಮಾ ದಡದಲ್ಲಿ ಕೂತವಳು ಏಳಲಿಲ್ಲ. ಮರುದಿನ ದೇವಿ ತಮ್ಮನ ಮನೆಗೆ ಹೋಗಿ, ಮಳೆಗಾಲದಲ್ಲಿ ಬೋಟು ಮೇಲೆಳೆದಾಗ ಹೊಸ ಇಂಜಿನ್ ಕೂರಿಸುವುದು, ಅದರ ಹಣ ತನ್ನದು ಎಂದು ಹೇಳಿ ಬಂದಳು. ಇಷ್ಟು ವರ್ಷ ಮೀನು ಮಾರಿ ಕೂಡಿಟ್ಟದ್ದು ಅಷ್ಟಕ್ಕೆ ಸರಿಯಾಗಿತ್ತು. ಭಾಸ್ಕರ ಏನೂ ಹೇಳದೆ ಅಕ್ಕನಿಗೆ ಕಾಫಿ ಕೊಡಿಸಿದ. ಆ ಮನೆಯವರೆಲ್ಲ ಹಾಗೆಯೇ, ಮುಖ್ಯವಾದ ಮಾತು ಬಂದಾಗ ಬಾಯಿ ಹೊಲಿದುಕೊಳ್ಳುವವರು.

ಮೇ ತಿಂಗಳ ಕೊನೆಗೆ ಅರ್ಚಿತಾ ಕುಮಟಾಕ್ಕೆ ಕರೆದಳು. ಕಂಪನಿ ದೊಡ್ಡದು ಮಾಡಬೇಕು, ಹೊಸ ಯಂತ್ರ ಬೇಕು, ಪರಿಚಯದವರಲ್ಲಿ ಯಾರಾದರೂ ಪಾಲು ತೆಗೆದುಕೊಳ್ಳುವುದಾದರೆ ಒಂದು ಸಭೆ ಇಟ್ಟಿದ್ದೇನೆ, ನೀವು ಸುಮ್ಮನೆ ನೋಡಲಿಕ್ಕಾದರೂ ಬನ್ನಿ ಎಂದಳು. ದೇವಿ ಹೋದದ್ದೂ ಸುಮ್ಮನೆ ನೋಡಲಿಕ್ಕೇ. ಆ ಪೆಟ್ಟಿಗೆ ಹುಟ್ಟುವ ಜಾಗ ಹೇಗಿದೆ ನೋಡಬೇಕು ಎಂಬ ಆಸೆ ಇತ್ತು. ಎಲ್ಲಿಗೆ ಹೋಗುವಾಗಲೂ ಹಿಡಿಯುವ ಪ್ಲಾಸ್ಟಿಕ್ ಬುಟ್ಟಿಯನ್ನು ತೊಳೆದು ಹಿಡಿದುಕೊಂಡು ರೈಲು ಹತ್ತಿದಳು.

ಸಭೆಗೆ ದೊಡ್ಡ ದೊಡ್ಡವರೇ ಬಂದಿದ್ದರು. ಭಟ್ಕಳದ ಬಟ್ಟೆ ವ್ಯಾಪಾರಿಗಳು, ದುಬೈಯಿಂದ ರಜೆಗೆ ಬಂದವರು, ಅಡಿಕೆ ತೋಟದ ಯಜಮಾನರು, ಹೊನ್ನಾವರದ ಒಬ್ಬ ವಕೀಲರು. ಬಹಳ ಒಳ್ಳೆಯ ಕೆಲಸ, ನಮ್ಮ ಊರಿನ ಮಗಳು, ನಾವೆಲ್ಲ ಇದ್ದೇವೆ ಎಂದು ಎಲ್ಲರೂ ದೊಡ್ಡದಾಗಿ ಹೇಳುತ್ತಿದ್ದರು. ದೇವಿ ಹಿಂದಿನ ಕುರ್ಚಿಯಲ್ಲಿ ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಕೂದಲಿನಷ್ಟು ಸಣ್ಣ ಗಾಜಿನ ಎಳೆಯೊಳಗೆ ಬೆಳಕು ಓಡುವುದು, ಅದರ ತುದಿಗಳನ್ನು ಬೆಸೆಯುವುದು, ಅದನ್ನು ನೀರು ತಾಗದಂತೆ ಮುಚ್ಚುವುದು, ಇದನ್ನೆಲ್ಲ ಅರ್ಚಿತಾ ಬಿಡಿಸಿ ಹೇಳಿದಳು. ಆಮೇಲೆ ಈ ಕಂಪನಿ ಮುಳುಗಲೂಬಹುದು, ಹಾಕಿದ ದುಡ್ಡು ಪೂರ್ತಿ ಹೋಗಲೂಬಹುದು, ಅದನ್ನು ತಿಳಿದೇ ಹಾಕಿ ಎಂದಳು. ರಾಶಿಯ ಅಡಿಯಲ್ಲಿ ಕೊಳೆತ ಮೀನು ಇರಬಹುದು ಎಂದು ಮಾರುವವಳೇ ಹೇಳಿದ್ದನ್ನು ದೇವಿ ತನ್ನ ಆಯುಷ್ಯದಲ್ಲಿ ಕೇಳಿರಲಿಲ್ಲ. ಅವಳಿಗೆ ಆ ಹುಡುಗಿಯ ಮೇಲೆ ಪ್ರೀತಿ ಹುಟ್ಟಿತು.

ಕೊನೆಯಲ್ಲಿ ಅರ್ಚಿತಾ ಒಂದು ಪಾಲಿಗೆ ಎಷ್ಟು ಎಂದು ಹೇಳಿದಳು. ದೇವಿ ಕೂಡಿಟ್ಟದ್ದು ಹೆಚ್ಚುಕಡಿಮೆ ಅಷ್ಟೇ ಇತ್ತು. ಆಗಲೇ ಒಳಗಿನಿಂದ ಕೆಲಸದ ಹೆಂಗಸರು ಪೆಟ್ಟಿಗೆಗಳನ್ನು ತಂದು ಮೇಜಿನ ಮೇಲೆ ರಾಶಿ ಹಾಕಿದರು. ಒಬ್ಬೊಬ್ಬರೂ ಒಂದೊಂದು ತೆಗೆದುಕೊಳ್ಳಿ ಎಂದು ಅರ್ಚಿತಾ ಹೇಳಿದಳು. ಜನ ಸಾಲಾಗಿ ಎದ್ದರು. ದೇವಿಯ ಸರದಿ ಬಂತು. ಎದುರಿಗೆ ರಾಶಿ, ಕಿವಿಯಲ್ಲಿ ಈಗಷ್ಟೇ ಕೇಳಿದ ದರ, ಕೈಯಲ್ಲಿ ಬುಟ್ಟಿ. ಅವಳು ಬಗ್ಗಿ ಒಂದು ಪೆಟ್ಟಿಗೆ ಎತ್ತಿ ಬುಟ್ಟಿಗೆ ಹಾಕಿದಳು. ಅರ್ಚಿತಾ ನಕ್ಕು ತಲೆಯಾಡಿಸಿ, ಎಲ್ಲರದೂ ಬರೆದಂತೆ ದೇವಿಯ ಹೆಸರನ್ನೂ ಫೋನ್ ನಂಬರನ್ನೂ ಪಟ್ಟಿಗೆ ಬರೆದುಕೊಂಡಳು.

ಕೈ ಮಾಡಿದ ಕೆಲಸ ತಲೆಗೆ ಗೊತ್ತಾದದ್ದು ರೈಲು ಹೊನ್ನಾವರ ದಾಟಿ ಶರಾವತಿ ಸೇತುವೆಗೆ ಬಂದಾಗ. ದೇವಿ ಬುಟ್ಟಿಯೊಳಗೆ ನೋಡಿದಳು. ಕಪ್ಪು ಪೆಟ್ಟಿಗೆ ತಣ್ಣಗೆ ಕೂತಿತ್ತು. ದರ ಕೂಗಿದರು, ತಾನು ಎತ್ತಿದೆ, ಬುಟ್ಟಿಗೆ ಹಾಕಿದೆ, ರಾಶಿಯವಳು ತಲೆಯಾಡಿಸಿದಳು, ಹೆಸರೂ ಬರೆದುಕೊಂಡಳು. ಇನ್ನೇನು ಉಳಿಯಿತು? ತಮ್ಮನ ಇಂಜಿನ್ನಿನ ಹಣಕ್ಕೆ ತಾನು ಪೆಟ್ಟಿಗೆ ಕಂಪನಿಯ ಪಾಲು ಎತ್ತಿ ಬಂದಿದ್ದೇನೆ ಎಂದು ತಿಳಿದು ಅವಳು ಬುಟ್ಟಿಯನ್ನು ಅವುಚಿಕೊಂಡು ತಲೆ ಬಗ್ಗಿಸಿ ಕೂತಳು. ಪಕ್ಕದಲ್ಲಿ ಕೂತ ಹೆಂಗಸು ರೈಲಿನ ಪ್ರಯಾಣ ಆಗುವುದಿಲ್ಲವೇ ಎಂದು ಕೇಳಿ ಒಂದು ನಿಂಬೆಹಣ್ಣು ಕೊಟ್ಟಳು.

ದೇವಿಯ ಗಂಡ ಶನಿಯಾರ ಹಿಂದೆ ದೊಡ್ಡ ಬೋಟಿನ ತಾಂಡೇಲನಾಗಿದ್ದವನು, ಅಂದರೆ ಬೋಟು ನಡೆಸುವ ಯಜಮಾನ. ಈಗ ಮನೆಯ ಜಗಲಿಯಲ್ಲಿ ಕೂತು ಬಲೆ ಹೆಣೆಯುತ್ತಾನೆ. ಮನೆಗೆ ಬಂದ ದೇವಿ ಅವನ ಎದುರು ಕೂತು ನಡೆದದ್ದನ್ನು ಹೇಳಿದಳು. ಬೇರೆ ಯಾರೇ ಆಗಿದ್ದರೂ ಇದೆಂಥ ಮಳ್ಳು ಎಂದು ನಕ್ಕುಬಿಡುತ್ತಿದ್ದರು, ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಶನಿಯಾರನೂ ಅದೇ ಬಂದರಿನಲ್ಲಿ ಬೆಳೆದವನು. ಅವನು ಬಲೆ ಕೆಳಗಿಟ್ಟ.

"ಎತ್ತಿದ್ಯಾ?" ಎಂದು ಕೇಳಿದ.

"ಎತ್ತಿದೆ."

"ಬುಟ್ಟಿಗೆ ಹಾಕಿದ್ಯಾ?"

"ಹಾಕಿದೆ."

ಶನಿಯಾರ ಮತ್ತೆ ಬಲೆ ಎತ್ತಿಕೊಂಡ. "ಹಾಂಗಾರೆ ಆತು," ಎಂದ.

ಅಲ್ಲಿಂದ ದೇವಿಯ ಕೆಟ್ಟ ದಿನಗಳು ಶುರುವಾದವು. ಜೂನ್ ಬಂತು, ಮಳೆ ಹಿಡಿಯಿತು, ಬೋಟುಗಳನ್ನು ಮೇಲೆಳೆದು ಮುಚ್ಚಿದರು. ಭಾಸ್ಕರನ ಬೋಟಿನಿಂದ ಹಳೆಯ ಇಂಜಿನ್ನನ್ನು ಎತ್ತಿ ತೆಗೆದಿದ್ದಾರೆ ಎಂಬ ಸುದ್ದಿಯೂ ಬಂತು. ದೇವಿ ಹೋಗಿ ನೋಡಿದಳು. ಬೋಟಿನ ಹೊಟ್ಟೆ ಖಾಲಿಯಾಗಿ ಬಾಯ್ದೆರೆದುಕೊಂಡಿತ್ತು. ತನ್ನ ಮಾತನ್ನು ನಂಬಿ ತಮ್ಮ ಹಳೆಯದನ್ನು ತೆಗೆಸಿದ್ದಾನೆ ಎಂದು ಅವಳಿಗೆ ಎದೆ ಬಿರಿಯುವಷ್ಟು ಸಂಕಟವಾಯಿತು. ಭಾಸ್ಕರ ಮಾತ್ರ ಇಂಜಿನ್ನಿನ ಸುದ್ದಿಯನ್ನೇ ಎತ್ತಲಿಲ್ಲ. ಕೇಳಿದ್ದರೆ ಅಳುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು.

ಇತ್ತ ಕುಮಟಾದಿಂದ ಫೋನು ಬರತೊಡಗಿತು. ಅರ್ಚಿತಾಳ ಹೆಸರು ಕಂಡ ಕೂಡಲೇ ದೇವಿ ಫೋನನ್ನು ಅಕ್ಕಿಯ ಡಬ್ಬಿಯ ಮೇಲೆ ಮಗುಚಿ ಇಡುತ್ತಿದ್ದಳು. ಹಣ ಕೇಳಲಿಕ್ಕೇ ಮಾಡುತ್ತಿದ್ದಾಳೆ, ಇನ್ನೇತಕ್ಕೆ? ಫೋನು ಬಡಿದುಕೊಂಡು ಸುಮ್ಮನಾಗುವವರೆಗೆ ಅಡುಗೆಮನೆಯಲ್ಲಿ ನಿಂತಿರುತ್ತಿದ್ದಳು. ಆಮೇಲೆ ಮಾಡಿದ ಸಾರಿಗೆ ಉಪ್ಪು ಹಾಕಿದ್ದೇನೋ ಇಲ್ಲವೋ ಎಂದು ನೆನಪಾಗದೆ ಮತ್ತೆ ಹಾಕುತ್ತಿದ್ದಳು. ಶನಿಯಾರ ಎರಡು ಸಲ ಉಪ್ಪು ಬಿದ್ದ ಸಾರನ್ನು ತುಟಿಪಿಟಿಕ್ಕೆನ್ನದೆ ಉಂಡ.

ಶೆಡ್ಡನ್ನು ಮಾರಿದರೆ ಎರಡೂ ಮಾತು ಉಳಿಯುತ್ತವೆ. ಆದರೆ ಶೆಡ್ಡು ಹೋದರೆ ಮುಂದೆ ಉಣ್ಣುವುದು ಏನು? ದೇವಿ ಇದನ್ನು ಹಗಲಿಡೀ ತಿರುವಿ ಹಾಕಿದಳು. ಒಂದು ಬದಿಗೆ ತಾನು ಎತ್ತಿದ ರಾಶಿ, ಇನ್ನೊಂದು ಬದಿಗೆ ತಮ್ಮನ ಇಂಜಿನ್. ಯಾವುದನ್ನು ಬಿಟ್ಟರೂ ದೇವಿ ಮಾತಿಗೆ ತಪ್ಪಿದವಳೇ. ಕೊನೆಗೆ ಒಂದು ಮಧ್ಯಾಹ್ನ ಸುಷ್ಮಾ ಒಣಮೀನು ಕೇಳಿಕೊಂಡು ಬಂದವಳು ಮಾತಿನ ನಡುವೆ ಕಡಲನ್ನು ನೋಡಿ ಸುಮ್ಮನಾದಳು. ಅಷ್ಟೇ. ದೇವಿಗೆ ಅವತ್ತು ದಡದಲ್ಲಿ ಏಳದೆ ಕೂತ ಸುಷ್ಮಾಳ ಬೆನ್ನು ಕಣ್ಣಿಗೆ ಕಟ್ಟಿತು. ಮಾತು ಹೋದರೆ ನಾಚಿಕೆ. ತಮ್ಮ ಹೋದರೆ ಎಲ್ಲಿಂದ ತರುವುದು? ನಾಳೆ ಕುಮಟಾಕ್ಕೆ ಹೋಗಿ ನಾಲ್ಕು ಜನರ ಮುಂದೆ ಕೈ ತಪ್ಪಿತು ಎಂದು ಹೇಳಿಬರುತ್ತೇನೆ ಎಂದು ಗಂಡನಿಗೆ ತಿಳಿಸಿದಳು. ಇಷ್ಟು ವರ್ಷದ ಮೇಲೆ ತಾನೂ ಕೈತಪ್ಪಿದವಳು ಅನ್ನಿಸಿಕೊಳ್ಳಬೇಕಲ್ಲ ಎಂದಳು. ಶನಿಯಾರ ಛತ್ರಿ ಹುಡುಕಿ ತಂದಿಟ್ಟ.

ಕುಮಟಾದ ಆ ಹಳೆಯ ಗೋಡಂಬಿ ಕಾರ್ಖಾನೆಯಲ್ಲಿ ಉದ್ದ ಮೇಜಿನ ಎರಡೂ ಬದಿಗೆ ಹೆಂಗಸರು ಕೂತು ಪೆಟ್ಟಿಗೆಗಳಿಗೆ ರಬ್ಬರಿನ ಪಟ್ಟಿ ಕೂರಿಸುತ್ತಿದ್ದರು. ಅರ್ಚಿತಾ ಬಾಗಿಲಲ್ಲಿ ದೇವಿಯನ್ನು ಕಂಡು ಎದ್ದು ಬಂದಳು, ಕೂರಲು ಹೇಳಿದಳು. ದೇವಿ ಕೂರಲಿಲ್ಲ. ಮಳೆಯ ನೀರು ಸೀರೆಯಿಂದ ಇಳಿಯುತ್ತಿರುವಾಗಲೇ ಬುಟ್ಟಿಯಿಂದ ಕಪ್ಪು ಪೆಟ್ಟಿಗೆ ತೆಗೆದು ಮೇಜಿನ ಮೇಲಿಟ್ಟು, ಎಲ್ಲರಿಗೂ ಕೇಳುವ ಹಾಗೆ ಹೇಳಿದಳು.

"ನನ್ನ ಕೈ ತಪ್ತು ತಂಗಿ. ನಂಗೆ ಈ ರಾಶಿ ಆಗೂದಿಲ್ಲ. ತಮ್ಮನ ಇಂಜಿನ್ನಿಗೆ ಇಟ್ಟ ದುಡ್ಡು ಅದು."

ಅರ್ಚಿತಾ ಪೆಟ್ಟಿಗೆಯನ್ನು ತಿರುಗಿಸಿ ನೋಡಿದಳು. ಎಲ್ಲಿಯಾದರೂ ಒಡೆದಿದೆಯೋ, ಬಿರುಕು ಬಿಟ್ಟಿದೆಯೋ ಎಂದು ಬೆಳಕಿಗೆ ಹಿಡಿದಳು. ಯಾವ ರಾಶಿ, ಯಾವ ಇಂಜಿನ್ ಎಂದು ಅವಳಿಗೆ ತಲೆಬುಡ ತಿಳಿಯಲಿಲ್ಲ. ಮೇಜಿನ ತುದಿಯಲ್ಲಿ ಕೂತಿದ್ದ ಹನುಮಕ್ಕ ಎಂಬವಳು ಕೆಲಸ ನಿಲ್ಲಿಸಿದಳು. ಅವಳ ಅತ್ತೆ ಮೀನು ಮಾರಿದವಳು. ಅವಳೇ ಎದ್ದು ಬಂದು ರಾಶಿಯಿಂದ ಒಂದು ಎತ್ತಿದರೆ ಏನರ್ಥ, ಕೈ ತಪ್ಪಿತು ಎಂದರೆ ಏನರ್ಥ ಎಂದು ಯಜಮಾನ್ತಿಗೆ ಬಿಡಿಸಿ ಹೇಳಿದಳು. ಹೇಳುತ್ತ ಹೇಳುತ್ತ ಅವಳಿಗೇ ನಗು ಬಂತು. ದೇವಿಯ ಮುಖ ಕಂಡು ಅದನ್ನು ನುಂಗಿಕೊಂಡಳು.

ಅರ್ಚಿತಾ ನಗಲಿಲ್ಲ. ಈ ಹೆಂಗಸು ಒಂದು ತಿಂಗಳಿಂದ ಯಾಕೆ ಫೋನು ಎತ್ತುತ್ತಿಲ್ಲ ಎಂಬುದು ಈಗ ಅವಳಿಗೆ ಹೊಳೆದಿತ್ತು. ತಾನು ಫೋನು ಮಾಡಿದ್ದು ಹಣಕ್ಕಲ್ಲ, ಕಂಬದ ಮೇಲಿನ ಪೆಟ್ಟಿಗೆ ತೆಗೆದು ನೋಡಲು ಯಾವ ದಿನ ಬರಲಿ ಎಂದು ಕೇಳಲಿಕ್ಕೆ ಎಂದಳು. ಆಮೇಲೆ ದೇವಿಯ ಒದ್ದೆ ಕೈ ಹಿಡಿದುಕೊಂಡು ಹೇಳಿದಳು.

"ಅಕ್ಕ, ಅದು ಮನೇಲಿ ನೋಡೂಕೆ ಅಂತ ಎಲ್ರಿಗೂ ಕೊಟ್ಟದ್ದು. ಅದ್ಕೆ ದುಡ್ಡೂ ಇಲ್ಲ, ಮಾತೂ ಇಲ್ಲ. ನಿಮ್ಮ ಕೈ ಎಲ್ಲೂ ತಪ್ಲಿಲ್ಲ."

ದೇವಿ ಅವಳನ್ನೇ ನೋಡಿದಳು. ಹಾಗೆ ಸಣ್ಣ ದನಿಯಲ್ಲಿ ಹೇಳಿದರೆ ಸಾಲದು, ಇವರೆಲ್ಲರಿಗೂ ಕೇಳುವಂತೆ ಇನ್ನೊಮ್ಮೆ ಹೇಳು ಎಂದಳು. ಅರ್ಚಿತಾ ಮೇಜಿನ ಕಡೆ ತಿರುಗಿ, ಶಾಲೆಯಲ್ಲಿ ಪ್ರತಿಜ್ಞೆ ಹೇಳುವವಳ ಹಾಗೆ ನೆಟ್ಟಗೆ ನಿಂತು, ದೇವಿಯಕ್ಕ ಯಾವ ರಾಶಿಯನ್ನೂ ಎತ್ತಿಲ್ಲ, ಅವರ ಕೈ ತಪ್ಪಿಲ್ಲ ಎಂದು ಗಟ್ಟಿಯಾಗಿ ಹೇಳಿದಳು. ಹೆಂಗಸರೆಲ್ಲ ತಲೆಯಾಡಿಸಿದರು. ಆಗ ದೇವಿ ಕುರ್ಚಿಯಲ್ಲಿ ಕೂತಳು. ಕಾಲಿನಿಂದ ತಲೆಯವರೆಗೆ ಹಗುರವಾಯಿತು, ಕಣ್ಣಿನಿಂದ ನೀರು ಇಳಿಯಿತು, ಅದನ್ನು ಒರೆಸಿಕೊಳ್ಳಲೂ ಇಲ್ಲ. ಹನುಮಕ್ಕ ಚಾ ತಂದಳು. ದೇವಿ ಅದನ್ನು ಕುಡಿದು ಇನ್ನೊಂದು ಇದೆಯೇ ಎಂದು ಕೇಳಿದಳು. ಅದನ್ನೂ ಕುಡಿದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲ ಎಂದು ಆಗಷ್ಟೇ ನೆನಪಾದವಳ ಹಾಗೆ, ಹೆಂಗಸರ ಬುತ್ತಿಯಲ್ಲಿದ್ದ ದೋಸೆಯನ್ನೂ ತಿಂದಳು.

ಮರಳುವಾಗ ರೈಲಿನಲ್ಲಿ ಕಿಟಕಿಯ ಬದಿ ಸಿಕ್ಕಿತು. ಹೊನ್ನಾವರ ಬಂದದ್ದು ನೆನಪಿದೆ. ಆಮೇಲೆ ಒಂದು ತಿಂಗಳ ನಿದ್ದೆ ಒಟ್ಟಿಗೇ ಬಂತು. ಮಂಕಿ ಹೋಯಿತು, ಮುರ್ಡೇಶ್ವರವೂ ಹೋಯಿತು, ಯಾರೋ ಎಬ್ಬಿಸಿ ಕೇಳಿದಾಗ ರೈಲು ಭಟ್ಕಳದಲ್ಲಿ ನಿಂತಿತ್ತು. ಹುಟ್ಟಿದಾಗಿನಿಂದ ಓಡಾಡಿದ ದಾರಿಯಲ್ಲಿ ತನ್ನ ಊರನ್ನೇ ದಾಟಿ ಹೋದದ್ದು ದೇವಿಗೆ ನಾಚಿಕೆ ಅನ್ನಿಸಲಿಲ್ಲ. ಹೊರಗೆ ಬಂದು, ಬಸ್ಸು ಹಿಡಿಯುವ ಮೊದಲು, ತಮ್ಮನ ಮಕ್ಕಳಿಗೆಂದು ಭಟ್ಕಳದ ಹಲ್ವ ಕೊಂಡಳು.

ಮನೆಗೆ ಬಂದಾಗ ಜಗಲಿಯಲ್ಲಿ ಶನಿಯಾರನ ಪಕ್ಕ ಭಾಸ್ಕರ ಕೂತಿದ್ದ. ದೇವಿ ಹಲ್ವದ ಕಟ್ಟು ಕೈಗಿಟ್ಟು, ನಿಂತಲ್ಲೇ ಎಲ್ಲವನ್ನೂ ಹೇಳಿದಳು. ಕುಮಟಾದಲ್ಲಿ ಪೆಟ್ಟಿಗೆ ಎತ್ತಿದ್ದು, ಫೋನಿಗೆ ಹೆದರಿದ್ದು, ಶೆಡ್ಡು ಮಾರಲೂ ಯೋಚಿಸಿದ್ದು, ಇವತ್ತು ಬಿಡುಗಡೆಯಾದದ್ದು. ನಾಳೆಯೇ ಇಂಜಿನ್ ಬುಕ್ ಮಾಡು ಎಂದಳು. ಭಾಸ್ಕರ ಹಲ್ವದ ದಾರ ಬಿಚ್ಚುತ್ತ, ಪೆಟ್ಟಿಗೆ ಎತ್ತಿದ್ದು ತನಗೆ ಗೊತ್ತಿದ್ದದ್ದೇ ಎಂದ. ಬಾವ ಮೊದಲ ವಾರದಲ್ಲೇ ಹೇಳಿದ್ದರಂತೆ. ಅಕ್ಕನಿಂದ ಹಣ ಬರುವುದಿಲ್ಲ ಎಂದುಕೊಂಡೇ ಅವನು ಮಲ್ಪೆಗೆ ಹೋಗಿ, ಬಿಚ್ಚಿ ರಿಪೇರಿ ಮಾಡಿ ಹೊಸದರಂತೆ ಕಟ್ಟಿದ ಒಂದು ಇಂಜಿನ್ನನ್ನು ಅರ್ಧ ದರಕ್ಕೆ ಮಾತಾಡಿ ಬಂದಿದ್ದ. ಅದಕ್ಕೆಂದೇ ಹಳೆಯದನ್ನು ಎತ್ತಿಸಿದ್ದು. ಹಣ ಹೇಗೋ ಹೊಂದಿಸುತ್ತಿದ್ದನಂತೆ.

ದೇವಿಗೆ ಒಮ್ಮೆಗೇ ಸಿಟ್ಟು ಬಂತು. ಒಂದು ತಿಂಗಳು ತಾನು ಬೆಂದು ಬೇಯುವಾಗ ಒಬ್ಬನೂ ಬಾಯಿ ಬಿಡಲಿಲ್ಲವಲ್ಲ ಎಂದು ಇಬ್ಬರಿಗೂ ಚೆನ್ನಾಗಿ ಬೈದಳು. ನೀನು ಕೇಳಲಿಲ್ಲವಲ್ಲ ಎಂದು ಶನಿಯಾರ ಹೇಳಿ ಇನ್ನಷ್ಟು ಬೈಸಿಕೊಂಡ. ನಾನು ಕೊಟ್ಟ ಮಾತಿಗೆ ನೀನು ಯಾಕೆ ಬಂದು ಕೇಳಲಿಲ್ಲ, ಜಗಳವಾದರೂ ಆಡಬಾರದಿತ್ತೇ ಎಂದು ತಮ್ಮನಿಗೆ ಕೇಳಿದಳು. ಭಾಸ್ಕರ ಒಂದು ತುಂಡು ಹಲ್ವ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದ.

"ನಾ ನಿನ್ನ ತಮ್ಮ ಅಕ್ಕ, ಲಿಲಾವಿನ ಗಿರಾಕಿ ಅಲ್ಲ," ಎಂದ.

ದೇವಿ ಒಳಗೆ ಹೋಗಿ ಒಲೆ ಹಚ್ಚಿದಳು. ಅವತ್ತಿನ ಸಾರಿಗೆ ಉಪ್ಪು ಸರಿಯಾಗಿತ್ತು ಎಂದು ಶನಿಯಾರ ಆಮೇಲೆ ಊರೆಲ್ಲ ಹೇಳಿಕೊಂಡು ತಿರುಗಿದ.

ಮಳೆ ಸ್ವಲ್ಪ ಬಿಡುವು ಕೊಟ್ಟ ದಿನ ಅರ್ಚಿತಾ ಬಂದು ಕಂಬದ ಮೇಲಿನ ಪೆಟ್ಟಿಗೆಯನ್ನು ಇಳಿಸಿ ದೇವಿಯ ಎದುರಿಗೇ ತೆರೆದಳು. ಹೊರಮೈಗೆ ಉಪ್ಪಿನ ಬಿಳಿ ಕಟ್ಟಿತ್ತು. ಒಳಗೆ ದೇವಿ ಬೆರಳಾಡಿಸಿ ನೋಡಿದಳು. ಎಲ್ಲಿಯೂ ತೇವ ಇರಲಿಲ್ಲ. ಅರ್ಚಿತಾ ಅದರ ಫೋಟೋ ತೆಗೆದುಕೊಂಡು, ಮತ್ತೆ ಮುಚ್ಚಿ ಮೇಲಿಟ್ಟು, ಪಾಲಿನ ಸುದ್ದಿಯನ್ನೇ ಎತ್ತದೆ ಹೊರಟಳು. ಈ ಸಲ ಬಂಗಡೆಯ ಬದಲು ದೇವಿ ಅವಳಿಗೆ ಬಾಳೆಗೊನೆ ಕೊಟ್ಟಳು.

ಜುಲೈ ಕೊನೆಗೆ ಮಲ್ಪೆಯ ಇಂಜಿನ್ ಬಂದು ಬೋಟಿನಲ್ಲಿ ಕೂತಿತು. ಹಣ ಕೊಟ್ಟದ್ದು ದೇವಿಯೇ. ಅದರಲ್ಲಿ ಭಾಸ್ಕರನ ಮಾತಿಗೆ ಅವಳು ಕಿವಿಗೊಡಲಿಲ್ಲ. ಮೊದಲ ಸಲ ಇಂಜಿನ್ ಶುರು ಮಾಡಿದಾಗ ಸುಷ್ಮಾ ಬೋಟಿನ ಬದಿಗೆ ಕಿವಿ ಇಟ್ಟು ಕೇಳಿದಳು, ನಕ್ಕಳು. ಅರ್ಧ ದರದ ಇಂಜಿನ್ ಆದ್ದರಿಂದ ಕೂರಿಸುವ ಖರ್ಚು ಹೋಗಿಯೂ ದೇವಿಯ ಕೈಯಲ್ಲಿ ಸ್ವಲ್ಪ ಉಳಿಯಿತು. ಈಗ ಯಾವ ಮಾತೂ ಅವಳನ್ನು ಕಟ್ಟಿಹಾಕಿರಲಿಲ್ಲ, ಯಾರಿಗೂ ಏನನ್ನೂ ಕೊಡಬೇಕಾಗಿರಲಿಲ್ಲ. ಅಂಥ ಹಣ ಅವಳ ಕೈಯಲ್ಲಿ ಹಿಂದೆ ಯಾವತ್ತೂ ಇದ್ದದ್ದಿಲ್ಲ. ಎರಡು ದಿನ ಅವಳು ಅದರ ಬಗ್ಗೆಯೇ ಯೋಚಿಸಿದಳು. ಇಷ್ಟು ವರ್ಷ ತಾನು ಕೊಂಡದ್ದೆಲ್ಲ ಬಿಸಿಲು ಏರುವ ಮೊದಲು ಮಾರಿಹೋಗಬೇಕಾದದ್ದು. ಐಸು ಹಾಕಿದರೂ ಎಷ್ಟು ದಿನ? ಇಟ್ಟುಕೊಳ್ಳಲೆಂದು, ಬೆಳೆಯಲಿ ಎಂದು ತಾನು ಒಂದನ್ನೂ ಕೊಂಡಿರಲಿಲ್ಲ. ಆ ಹುಡುಗಿಯ ಕಂಪನಿ ಉದ್ಧಾರವಾಗುತ್ತದೋ ಮುಳುಗುತ್ತದೋ ದೇವರಿಗೇ ಗೊತ್ತು. ಹೋದರೆ ಹೋಗಲಿ ಅನ್ನುವಷ್ಟು ಹಣ ಅದು. ಒಳಗೆ ತೇವ ಬಿಡದ ಆ ಪೆಟ್ಟಿಗೆಯಲ್ಲಿ ತನ್ನದೂ ಒಂದು ಪಾಲು ಇರಬೇಕು ಎಂದು ದೇವಿಗೆ ಆಸೆಯಾಯಿತು. ಆಸೆಯಾಗಿದೆ ಎಂದು ಗಂಡನಿಗೆ ನಾಚಿಕೆಪಡುತ್ತ ಹೇಳಿದಳು. ಶನಿಯಾರ ಫೋನು ತಂದು ಕೈಗಿಟ್ಟ.

ಅಷ್ಟು ದೊಡ್ಡ ದೊಡ್ಡವರು ಸಭೆಯಲ್ಲಿದ್ದರು, ಎಲ್ಲರೂ ನಾವಿದ್ದೇವೆ ನಾವಿದ್ದೇವೆ ಎಂದಿದ್ದರು. ತನ್ನಂಥವಳಿಗೆ ಈಗ ಏನಾದರೂ ಉಳಿದಿರುತ್ತದೋ ಇಲ್ಲವೋ ಎಂಬ ಅಳುಕಿನಿಂದಲೇ ದೇವಿ ಮಾತು ಶುರು ಮಾಡಿದಳು.

"ತಂಗಿ, ಪಾಲು ಎಲ್ಲ ಮುಗದೋಯ್ತಾ ಎಂತ? ಪೂರ್ತಿ ಪಾಲಿಗೆ ನನ್ನ ಹತ್ರ ಇಲ್ಲ. ಕಾಲು ಪಾಲು, ಅರ್ಧ ಪಾಲು ಕೊಡೂದಿದ್ರೆ ಹೇಳು."

ಆ ಕಡೆಯಿಂದ ಮಾತು ಬರಲಿಲ್ಲ. ನೆಟ್ಟು ಹೋಯಿತೇನೋ ಎಂದು ದೇವಿ ಕಂಬದ ಕಡೆ ನೋಡಿದಳು.

"ಮುಗೀಲಿಲ್ಲ ಅಕ್ಕ," ಎಂದಳು ಅರ್ಚಿತಾ. "ಅವತ್ತು ಬಂದವ್ರು ಒಬ್ರೂ ತಿರುಗಿ ಮಾತಾಡ್ಲಿಲ್ಲ. ಫೋನ್ ಮಾಡಿದ್ರೆ ಎತ್ತೂದಿಲ್ಲ. ಮುಂದಿನ ತಿಂಗ್ಳು ಬಾಗ್ಲು ಹಾಕೂದು ಅಂದ್ಕಂಡಿದ್ದೆ. ನೀವು ಹಾಕಿದ್ರೆ ನೀವೇ ಮೊದಲ್ನೆಯವ್ರು."

"ಹಾಂಗಾರೆ ಬೋಣಿ ನಂದು," ಎಂದಳು ದೇವಿ. "ಇನ್ನು ಹೆದ್ರೂದು ಬ್ಯಾಡ. ಬಾಗ್ಲು ತೆಗದೇ ಇಡು."

ಆ ಕಡೆಯಿಂದ ಅಳು ಕೇಳಿಸಿತು. ಒಂದು ತಿಂಗಳು ಈ ಹುಡುಗಿಯ ಫೋನಿಗೆ ಹೆದರಿ ತಾನು ಅಡುಗೆಮನೆಯಲ್ಲಿ ನಿಂತಿದ್ದಾಗ, ಅವಳೂ ಕುಮಟಾದಲ್ಲಿ ಹೆದರಿಕೊಂಡೇ ಕೂತಿದ್ದಳು ಎಂದು ದೇವಿಗೆ ತಿಳಿಯಿತು. ಅವಳ ಅಳು ಮುಗಿಯುವ ತನಕ ದೇವಿ ಫೋನು ಇಡಲಿಲ್ಲ.